ಲಾರಿಯ ಡೀಸೆಲ್ ಫಿಲ್ಟರ್ ಬದಲಿಸಲು ಬಂದ್ಯೋಡಿನ ಗ್ಯಾರೇಜು ಹೇಗಿದೆ?

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಉಪ್ಪಳದಿಂದ ಕುಂಬಳೆಯ ಕಡೆಗೆ ಬರುವಾಗ, ಬಂದ್ಯೋಡು ಪೇಟೆ ಸಿಗುವುದಕ್ಕೆ ಸ್ವಲ್ಪ ಮೊದಲು, ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರಸ್ತೆಗೆ ಮುಖ ಮಾಡಿ ತಗಡಿನ ಮಾಡಿನ ಒಂದು ಡೀಸೆಲ್ ಗ್ಯಾರೇಜು ಇದೆ. ಫಲಕದಲ್ಲಿ ಮಲಯಾಳದಲ್ಲಿಯೂ ಇಂಗ್ಲಿಷಿನಲ್ಲಿಯೂ ‘ಡೀಸೆಲ್ ವರ್ಕ್ಸ್’ ಎಂದಷ್ಟೇ ಬರೆದಿದೆ. ಲಾರಿಯವರು ಅದನ್ನು ‘ಪಂಪಿನ ಗ್ಯಾರೇಜು’ ಎಂದು ಗುರುತಿಸುತ್ತಾರೆ. ನಮ್ಮ ಆರು ಚಕ್ರದ ಬಿಎಸ್-6 (ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಭಾರತದ ಈಗಿನ ಮಾನದಂಡ) ಲಾರಿಯ ಎರಡೂ ಇಂಧನ ಫಿಲ್ಟರುಗಳನ್ನು ಮಳೆಗಾಲ ಹಿಡಿಯುವ ಮೊದಲು ಅಲ್ಲಿ ಬದಲಿಸಿಕೊಂಡೆವು. ಈ ಒಂದು ಕೆಲಸದ ಮಟ್ಟಿಗೆ ಹೇಳುವುದಾದರೆ, ತಲಪಾಡಿಯಿಂದ ಕಾಸರಗೋಡಿನವರೆಗೆ ನಾನು ಕಂಡ ಗ್ಯಾರೇಜುಗಳಲ್ಲಿ ಇದು ಅತ್ಯಂತ ಶಿಸ್ತಿನದು. ಬಿಲ್ಲಿನ ವಿಷಯದಲ್ಲಿಯೂ ಹಳೆಯ ಫಿಲ್ಟರುಗಳನ್ನು ಅವರು ಇಟ್ಟುಕೊಂಡ ರೀತಿಯಲ್ಲಿಯೂ ನನಗೆ ಅಸಮಾಧಾನವಿದೆ; ಅದನ್ನು ಮುಂದೆ ಬರೆಯುತ್ತೇನೆ.

ಫಿಲ್ಟರ್ ಬದಲಿಸಿದ್ದಕ್ಕೆಲ್ಲ ವಿಮರ್ಶೆ ಬೇಕೇ ಎಂದು ಹಳೆಯ ಚಾಲಕರು ಕೇಳಬಹುದು. ಹಿಂದಿನ ಲಾರಿಗಳಲ್ಲಿ ಕ್ಲೀನರ್ ಹುಡುಗನೇ ರಸ್ತೆ ಬದಿಯಲ್ಲಿ ಫಿಲ್ಟರ್ ಬಿಚ್ಚಿ, ಹೊಸದಕ್ಕೆ ಕ್ಯಾನಿನಿಂದ ಡೀಸೆಲ್ ತುಂಬಿಸಿ, ತಿರುಗಿಸಿ ಕೂರಿಸಿ, ಇಂಧನದ ಕೊಳವೆಯಲ್ಲಿ ಸೇರಿದ ಗಾಳಿ ತೆಗೆದು ಗಾಡಿ ಹೊರಡಿಸುತ್ತಿದ್ದುದು ನಿಜ, ಮತ್ತು ಆ ಕಾಲದ ಪಂಪುಗಳು ಅದನ್ನು ಸಹಿಸಿಕೊಂಡದ್ದೂ ನಿಜ. ಈಗಿನ ಕಾಮನ್ ರೈಲ್ ಎಂಜಿನಿನಲ್ಲಿ (ಒಂದೇ ಕೊಳವೆಯಿಂದ ಎಲ್ಲ ಸಿಲಿಂಡರುಗಳಿಗೂ ಡೀಸೆಲ್ ಹೋಗುವ ಎಂಜಿನ್) ಡೀಸೆಲ್ಲಿನ ಒತ್ತಡ 1600ರಿಂದ 2000 ಬಾರ್‌ವರೆಗೆ ಏರುತ್ತದೆ, ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಒಳಗೆ ಜಾರುವ ಭಾಗಗಳ ನಡುವಿನ ತೆರಪು 2ರಿಂದ 4 ಮೈಕ್ರಾನ್‌ಗಳಷ್ಟೇ ಇರುತ್ತದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವೆಂದರೆ ಆ ತೆರಪಿನ ಅಳತೆ ಅಂದಾಜಾದೀತು. ಅಲ್ಲಿಗೆ ಕಣ್ಣಿಗೆ ಕಾಣದ ಧೂಳು ಹೊಕ್ಕರೂ ಅದು ಉಜ್ಜುವ ಪುಡಿಯಾಗಿ ಕೆಲಸ ಮಾಡುತ್ತದೆ. ವರ್ಷವಿಡೀ ಆ ಧೂಳನ್ನು ತಡೆಯುವ ಫಿಲ್ಟರನ್ನು ಬಿಚ್ಚಿ ತೆಗೆದ ಕೆಲವು ನಿಮಿಷಗಳ ಕಾಲ ಎಂಜಿನಿನ ಕಡೆಯ ಕೊಳವೆಗೆ ಯಾವ ಕಾವಲೂ ಇರುವುದಿಲ್ಲ. ಫಿಲ್ಟರ್ ಬದಲಿಸುವವನ ಕೈ ಕೊಳೆಯಾಗಿದ್ದರೆ ಹೊಸ ಫಿಲ್ಟರು ಹಾಕಿಸಿದ್ದೇ ಹಾನಿಗೆ ದಾರಿಯಾಗುತ್ತದೆ, ಮತ್ತು ಆ ಹಾನಿ ಅದೇ ದಿನ ಕಾಣುವುದಿಲ್ಲ. ತಿಂಗಳುಗಳು ಕಳೆದ ಮೇಲೆ ಹೊಗೆಯಾಗಿ, ಸ್ಟಾರ್ಟಿಂಗ್ ತೊಂದರೆಯಾಗಿ ಬಂದಾಗ ಯಾರೂ ಅದನ್ನು ಫಿಲ್ಟರ್ ಕೆಲಸಕ್ಕೆ ಜೋಡಿಸಿ ನೋಡುವುದಿಲ್ಲ. ಕೂಲಿ ಕೆಲವು ನೂರು ರೂಪಾಯಿಯ ಕೆಲಸ; ಕೆಟ್ಟರೆ ಬದಲಿಸಬೇಕಾದ ಇಂಜೆಕ್ಟರುಗಳ ಬೆಲೆ ಸಾವಿರಗಳಲ್ಲಿ, ಒಂದೊಂದಕ್ಕೂ ಬೇರೆ ಬೇರೆಯಾಗಿ.

ನಮ್ಮ ಲಾರಿಯ ದುಡಿಮೆಯನ್ನೂ ಸ್ವಲ್ಪ ಹೇಳಬೇಕು. ಬಾಯಾರು, ಪೈವಳಿಕೆ ಕಡೆಯ ಪಣೆಗಳಿಂದ (ಕಲ್ಲು ಕಡಿಯುವ ಗಣಿ) ಮುರಕಲ್ಲು (ಕೆಂಪು ಜಂಬಿಟ್ಟಿಗೆ ಕಲ್ಲು) ತುಂಬಿಸಿ ಉಪ್ಪಳದ ಕೈಕಂಬದಲ್ಲಿ ಹೆದ್ದಾರಿಗೆ ಇಳಿದು ಮಂಗಳೂರಿನ ಕಡೆಗೆ ಹೋಗುವುದು ಅದರ ನಿತ್ಯದ ಓಟ. ಬೇಸಗೆಯಲ್ಲಿ ಪಣೆಯ ಕೆಂಪು ಧೂಳು ಟ್ಯಾಂಕಿನ ಮುಚ್ಚಳದ ಸುತ್ತ ಹಿಟ್ಟಿನಂತೆ ಕೂರುತ್ತದೆ. ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು ತುಂಬಿರುವ ಈ ಕರಾವಳಿಯಲ್ಲಿ, ಅರ್ಧ ಖಾಲಿಯಾದ ಟ್ಯಾಂಕಿನ ಒಳಮೈಯಲ್ಲಿ ರಾತ್ರಿ ಹನಿಗಟ್ಟಿದ ತೇವ ಬೆಳಗಾಗುವುದರೊಳಗೆ ತಳ ಸೇರುತ್ತದೆ. ನೀರಿಗಿಂತ ಡೀಸೆಲ್ ಹಗುರ, ಆದ್ದರಿಂದ ನೀರು ಅಡಿಯಲ್ಲೇ ಉಳಿಯುತ್ತದೆ. ಡೀಸೆಲ್ ಮತ್ತು ನೀರು ಸಂಧಿಸುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುವುದೂ ಉಂಟು. ಇಲ್ಲಿ ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಲಾರಿಗಳೆಲ್ಲ ದರ ಕೆಲವು ರೂಪಾಯಿ ಕಡಿಮೆಯೆಂದು ತಲಪಾಡಿ ಗಡಿ ದಾಟಿ ಕರ್ನಾಟಕದ ಬಂಕುಗಳಲ್ಲಿ ಡೀಸೆಲ್ ಹಾಕಿಸುತ್ತವೆ, ಆಮೇಲೆ ಫಿಲ್ಟರ್ ಕಟ್ಟಿದರೆ ‘ಆಚೆಯ ಡೀಸೆಲ್ ಸರಿ ಇಲ್ಲ’ ಎನ್ನುವುದು ವಾಡಿಕೆಯಾಗಿದೆ. 2020ರ ಏಪ್ರಿಲ್ 1ರಿಂದ ದೇಶದ ಎಲ್ಲೆಡೆ ಮಾರಾಟವಾಗುವುದು ಗಂಧಕದ ಪ್ರಮಾಣ 10 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಹತ್ತು ಭಾಗ) ಮೀರದ ಅದೇ ಬಿಎಸ್-6 ಡೀಸೆಲ್. ಗಡಿಯ ಈಚೆ ಒಂದು, ಆಚೆ ಒಂದು ಎಂದಿಲ್ಲ. ತೊಂದರೆ ಇರುವುದು ಆಯಾ ಬಂಕಿನ ನೆಲದಡಿಯ ಟ್ಯಾಂಕನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂಬುದರಲ್ಲಿ, ಮತ್ತು ನಮ್ಮದೇ ಲಾರಿಯ ಟ್ಯಾಂಕಿನಲ್ಲಿ. ಗ್ಯಾರೇಜಿನ ಯಜಮಾನರೂ ಇದನ್ನೇ ಹೇಳಿದರು. ಗಿರಾಕಿಗೆ ಖುಷಿಯಾಗಲೆಂದು ಬಂಕಿನವರನ್ನು ಬೈಯಲು ಹೋಗಲಿಲ್ಲ.

ಲಾರಿ ಅಲ್ಲಿಗೆ ಹೋದದ್ದು ಬಾಯಾರು ರಸ್ತೆಯ ಏರಿನಲ್ಲಿ ಲೋಡಿನೊಂದಿಗೆ ಪಿಕಪ್ (ಎಳೆಯುವ ಬಲ) ಬಿದ್ದುಹೋಗುತ್ತಿದ್ದ ಕಾರಣಕ್ಕೆ. ಸಮತಟ್ಟಿನಲ್ಲಿ ಸರಿಯಾಗಿ ಓಡುವ ಗಾಡಿ ಏರಿನಲ್ಲಿ ಮಾತ್ರ ಉಸಿರು ಬಿಟ್ಟರೆ ಮೊದಲ ಸಂಶಯ ಫಿಲ್ಟರಿನ ಮೇಲೆಯೇ, ಯಾಕೆಂದರೆ ಎಂಜಿನಿಗೆ ಹೆಚ್ಚು ಡೀಸೆಲ್ ಬೇಕಾದಾಗಲೇ ಕಟ್ಟಿದ ಫಿಲ್ಟರಿನ ಕೊರತೆ ಕಾಣುವುದು. ಆದರೂ ಅವರು ಬಂದ ಕೂಡಲೇ ಸ್ಪ್ಯಾನರ್ ಎತ್ತಿಕೊಳ್ಳಲಿಲ್ಲ. ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡುಗಳನ್ನು ಓದಿದರು, ಏರ್ ಫಿಲ್ಟರ್ ತೆಗೆದು ನೋಡಿದರು, ಟ್ಯಾಂಕಿನಿಂದ ಬರುವ ರಬ್ಬರ್ ಹೋಸಿನ ಕ್ಲಿಪ್ಪುಗಳನ್ನು ಕೈಯಿಂದ ಅಲ್ಲಾಡಿಸಿ ಪರೀಕ್ಷಿಸಿದರು. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ಡೀಸೆಲ್ಲನ್ನು ಎಳೆದು ಮುಂದಕ್ಕೆ ಕಳಿಸುವ ಪಂಪು) ದಾರಿಯಲ್ಲಿ ಡೀಸೆಲ್ಲನ್ನು ಎಳೆಯುವುದು ಹೀರುವ ಬಲ. ಅಲ್ಲಿ ಕ್ಲಿಪ್ ಸಡಿಲವಾಗಿದ್ದರೆ ಡೀಸೆಲ್ ಹೊರಗೆ ಒಸರಿ ಗುರುತು ಕೊಡುವುದಿಲ್ಲ, ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಒಣಗಿ ಕಾಣುವ ಜೋಡಣೆಯನ್ನು ಸರಿ ಇದೆ ಎಂದು ಬಿಟ್ಟುಬಿಡುವ ಮೆಕ್ಯಾನಿಕ್‌ಗಳೇ ಹೆಚ್ಚು. ಇವರು ಹಾಗೆ ಬಿಡಲಿಲ್ಲ ಎಂಬುದು ನನಗೆ ಹಿಡಿಸಿದ ಮೊದಲ ಸಂಗತಿ.

ಎರಡನೆಯದು ತೊಳೆಯುವ ಕ್ರಮ. ಫಿಲ್ಟರಿಗೆ ಕೈ ಹಚ್ಚುವ ಮೊದಲೇ ಲಾರಿಯ ಛಾಸಿಗೆ (ಚೌಕಟ್ಟಿಗೆ) ಜೋಡಿಸಿದ, ಡೀಸೆಲ್ಲನ್ನು ಮೊದಲು ಸೋಸುವ ಪ್ರೈಮರಿ ಫಿಲ್ಟರಿನ ತಲೆಭಾಗವನ್ನೂ ಎಂಜಿನ್ ಪಕ್ಕದ, ಎರಡನೆಯ ಸಲ ಸೋಸುವ ಸೆಕೆಂಡರಿ ಫಿಲ್ಟರಿನ ಸುತ್ತಲನ್ನೂ ಬ್ರಷ್ಷಿನಿಂದ ಉಜ್ಜಿ, ಗಾಳಿ ಹೊಡೆದು, ಒಣ ಬಟ್ಟೆಯಿಂದ ಒರೆಸಿದರು. ಅದಕ್ಕೆ ನೂಲು ಬಿಡುವ ಹತ್ತಿಯ ವೇಸ್ಟ್ ಬಳಸದೆ ನೂಲು ಬಿಡದ ಬಟ್ಟೆಯನ್ನು ಬಳಸಿದ್ದನ್ನು ಗಮನಿಸಿದೆ. ಕೆಳಗಿನ ಡ್ರೈನ್ ತಿರುಪನ್ನು ಸಡಿಲಿಸಿ ಮೊದಲು ಬಂದದ್ದನ್ನು ಒಂದು ಗಾಜಿನ ಭರಣಿಗೆ ಹಿಡಿದು ಗೋಡೆಯ ಅಂಚಿನಲ್ಲಿಟ್ಟರು. ನಮ್ಮ ಚಹಾ ಮುಗಿಯುವಷ್ಟರಲ್ಲಿ ತಳದಲ್ಲಿ ಎರಡು ಬೆರಳು ಎತ್ತರಕ್ಕೆ ನೀರು, ಅದರ ಮೇಲೆ ಹೊಂಬಣ್ಣದ ಡೀಸೆಲ್ ಬೇರೆ ಬೇರೆಯಾಗಿ ನಿಂತಿದ್ದವು. ಡ್ಯಾಶ್‌ಬೋರ್ಡಿನಲ್ಲಿ ನೀರಿನ ದೀಪ ಒಮ್ಮೆಯೂ ಹತ್ತಿರಲಿಲ್ಲ. ಕಾರಣ ಬೇಗನೆ ಗೊತ್ತಾಯಿತು: ಫಿಲ್ಟರಿನ ಬಟ್ಟಲಿನಲ್ಲಿರುವ ನೀರಿನ ಸೆನ್ಸರಿನ ಪ್ಲಗ್ಗಿನ ಒಂದು ವಯರು ತುಕ್ಕು ಹಿಡಿದು ತುಂಡಾಗಿತ್ತು. ಅದನ್ನು ಬೆಸೆದು ಸರಿಪಡಿಸಿದ್ದಕ್ಕೆ ಪ್ರತ್ಯೇಕವಾಗಿ ಏನೂ ಹಿಡಿಯಲಿಲ್ಲ.

ಮೂರನೆಯ ಸಂಗತಿಯೇ ನಾನು ಈ ಬರಹಕ್ಕೆ ಕೈ ಹಾಕಲು ಮುಖ್ಯ ಕಾರಣ. ಹೊಸ ಸೆಕೆಂಡರಿ ಫಿಲ್ಟರನ್ನು ಡಬ್ಬದಿಂದ ತೆಗೆದಾಗ ನಮ್ಮ ಚಾಲಕ ಅಭ್ಯಾಸಬಲದಿಂದ ಕ್ಯಾನಿನ ಡೀಸೆಲ್ಲನ್ನು ಮುಂದಕ್ಕೆ ಚಾಚಿದ. ಯಜಮಾನರು ಕ್ಯಾನನ್ನು ಪಕ್ಕಕ್ಕಿಟ್ಟು, “ಇದಕ್ಕೆ ತುಂಬಿಸಿ ಹಾಕುವ ಕ್ರಮ ಇಲ್ಲ ಮಾರಾಯ, ಖಾಲಿಯೇ ಕೂರಬೇಕು, ಡೀಸೆಲ್ ಪಂಪು ಹೊಡೆದೇ ಬರಬೇಕು” ಎಂದರು. ಫಿಲ್ಟರಿನ ನಡುವಿನ ದೊಡ್ಡ ರಂಧ್ರವೆಂದರೆ ಸೋಸಿ ಹೊರಟ ಡೀಸೆಲ್ಲಿನ ದಾರಿ. ಅಲ್ಲಿ ಕ್ಯಾನಿನಿಂದ ಸುರಿದದ್ದು ಯಾವ ಸೋಸುವ ಕಾಗದವನ್ನೂ ದಾಟದೆ ನೇರವಾಗಿ, ಡೀಸೆಲ್ಲಿಗೆ ಆ ಭಾರಿ ಒತ್ತಡ ಕೊಡುವ ಹೈ ಪ್ರೆಶರ್ ಪಂಪಿಗೆ ಹೋಗುತ್ತದೆ. ಕ್ಯಾನಿನ ತಳದಲ್ಲಿ ಏನಿದೆಯೆಂದು ಯಾರು ಬಲ್ಲರು? ಹಲವು ಎಂಜಿನ್ ತಯಾರಕರು ಕೈಪಿಡಿಯಲ್ಲಿಯೇ ಇದನ್ನು ನಿಷೇಧಿಸಿದ್ದಾರೆ. ಆದರೆ ಕೈಯಿಂದ ಪಂಪು ಹೊಡೆಯುವ ಶ್ರಮ ಉಳಿಸಲಿಕ್ಕಾಗಿ ರಸ್ತೆ ಬದಿಯಲ್ಲಿ ಈಗಲೂ ಎಲ್ಲರೂ ತುಂಬಿಸಿಯೇ ಕೂರಿಸುತ್ತಾರೆ. ಗಡಿಯಾಚೆಯ ಒಂದು ಗ್ಯಾರೇಜಿನಲ್ಲಿ ಹಿಂದೊಮ್ಮೆ ನನ್ನೆದುರಿಗೇ, ಭಾಗಗಳನ್ನು ತೊಳೆದ ಬೋಗುಣಿಯ ಡೀಸೆಲ್ಲನ್ನೇ ಹೊಸ ಫಿಲ್ಟರಿಗೆ ಸುರಿದು ಕೂರಿಸಿದ್ದನ್ನು ಕಂಡಿದ್ದೇನೆ.

ಉಳಿದ ಕೆಲಸವೂ ಇದೇ ಎಚ್ಚರದಲ್ಲಿ ನಡೆಯಿತು. ಹಳೆಯ ರಬ್ಬರ್ ರಿಂಗು ತಲೆಭಾಗಕ್ಕೆ ಅಂಟಿಕೊಂಡು ಉಳಿದಿಲ್ಲವೆಂದು ಬೆರಳಾಡಿಸಿ ಖಚಿತಪಡಿಸಿಕೊಂಡರು; ಹಳೆಯದರ ಮೇಲೆ ಹೊಸದು ಕೂತರೆ ಮೊದಲು ಬಿಗಿಯಾದಂತೆ ತೋರಿ ಆಮೇಲೆ ಸೋರುತ್ತದೆ. ಹೊಸ ರಿಂಗಿಗೆ ತೆಳುವಾಗಿ ಶುದ್ಧ ಆಯಿಲ್ ಸವರಿ, ರಿಂಗು ಲೋಹಕ್ಕೆ ತಾಗಿದ ಮೇಲೆ ಡಬ್ಬದ ಮೇಲೆ ಅಚ್ಚಾಗಿದ್ದಂತೆ ಮುಕ್ಕಾಲು ಸುತ್ತು ಕೈಯಿಂದಲೇ ಬಿಗಿದರು. ಬಿಚ್ಚಲು ಬಳಸಿದ ಚೈನ್ ಸ್ಪ್ಯಾನರನ್ನು ಬಿಗಿಯಲು ಮುಟ್ಟಲೇ ಇಲ್ಲ. ಕೊಳವೆಯ ಬೋಲ್ಟುಗಳ ತಾಮ್ರದ ವಾಷರುಗಳನ್ನು ಹೊಸತಾಗಿ ಹಾಕಿದರು. ಗಾಳಿ ತೆಗೆಯುವ ಕೆಲಸಕ್ಕೆ ಪ್ರೈಮರಿ ಫಿಲ್ಟರಿನ ತಲೆಯ ಮೇಲಿನ ಹ್ಯಾಂಡ್ ಪಂಪನ್ನು ಒಬ್ಬ ಹುಡುಗ ಒತ್ತುತ್ತಾ ಹೋದ, ಇನ್ನೊಬ್ಬ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂವಿನ ಬಳಿ ಟ್ರೇ ಹಿಡಿದು ನಿಂತ. ನೊರೆ ನಿಂತು ಗುಳ್ಳೆಯಿಲ್ಲದ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿದು, ಪಂಪು ಕೈಗೆ ಗಟ್ಟಿಯಾಗುವವರೆಗೆ ಮತ್ತೆ ಒತ್ತಿದರು. ಖಾಲಿ ಫಿಲ್ಟರ್ ಕೂರಿಸಿದ್ದರಿಂದ ಇದು ಬಹಳ ಹೊತ್ತು ಹಿಡಿಯಿತು, ಹುಡುಗ ಬೆವರಿ ತೊಯ್ದುಹೋದ, ಆದರೆ ನಡುವೆ ಯಾರೂ ಅವಸರ ಮಾಡಲಿಲ್ಲ. ಹಳೆಯ ಪಂಪುಗಳ ಅಭ್ಯಾಸದಲ್ಲಿ ಇಂಜೆಕ್ಟರಿನ ಪೈಪಿನ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದು ಗಾಳಿ ಬಿಡಿಸುವ ಕ್ರಮ ಕಾಮನ್ ರೈಲ್ ಎಂಜಿನಿನಲ್ಲಿ ಪ್ರಾಣಾಪಾಯದ್ದು. ಆ ಒತ್ತಡದ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗಬಲ್ಲದು. ಈ ಗ್ಯಾರೇಜಿನ ಗೋಡೆಯಲ್ಲಿ ಅದರ ಎಚ್ಚರಿಕೆಯನ್ನು ಮಲಯಾಳದಲ್ಲಿ ಬಣ್ಣದಿಂದ ಬರೆದಿದ್ದಾರೆ. ನಮ್ಮ ಕಡೆಯ ಎಷ್ಟೋ ಚಾಲಕರು ಮಲಯಾಳ ಆಡಬಲ್ಲರು, ಓದಲಾರರು. ಕನ್ನಡದಲ್ಲಿಯೂ ಎರಡು ಸಾಲು ಬರೆದಿದ್ದರೆ ಒಳ್ಳೆಯದಿತ್ತು.

ಸೆಲ್ಫ್ ಹೊಡೆದದ್ದು ಕೆಲವು ಸೆಕೆಂಡು ಮಾತ್ರ, ಎರಡನೆಯ ಸಲಕ್ಕೆ ಎಂಜಿನ್ ಹಿಡಿಯಿತು. ಬಳಿಕ ಹತ್ತು ನಿಮಿಷ ಹಾಗೆಯೇ ಓಡಲು ಬಿಟ್ಟು, ಪ್ರತಿಯೊಂದು ಜೋಡಣೆಯ ಸುತ್ತ ಒಣ ಕಾಗದ ಒತ್ತಿ ತೇವ ಹತ್ತುತ್ತದೆಯೇ ಎಂದು ನೋಡಿದರು. ನಂತರ ಯಜಮಾನರೇ ಪಕ್ಕದ ಸೀಟಿನಲ್ಲಿ ಕೂತು ಸರ್ವಿಸ್ ರಸ್ತೆಯಲ್ಲಿ ಒಂದು ಸುತ್ತು ಹಾಕಿಸಿದರು. ಲೋಡಿಲ್ಲದ ಗಾಡಿಯನ್ನು ಸಮತಟ್ಟಿನಲ್ಲಿ ಓಡಿಸಿ ನೋಡಿದ್ದರಿಂದ ದೊಡ್ಡದೇನೂ ತಿಳಿಯುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಮರುದಿನ ಲೋಡಿನಲ್ಲಿ ಏರು ಹತ್ತಿಸಿ ಫೋನು ಮಾಡಲು ಹೇಳಿದರು. ಏರಿನಲ್ಲಿ ಗಾಡಿ ಹಿಂದಿನ ಬಲಕ್ಕೆ ಬಂದಿತ್ತು, ಆಮೇಲೂ ಹಾಗೆಯೇ ಇದೆ.

ಹಳೆಯ ಫಿಲ್ಟರುಗಳನ್ನು ಕೊಯ್ದು ತೋರಿಸುವ ಪದ್ಧತಿಯೊಂದು ಅಲ್ಲಿದೆ. ಕೇಳಿದವರಿಗೆ ಮಾತ್ರ, ಆದ್ದರಿಂದ ಮರೆಯದೆ ಕೇಳಬೇಕು. ಪ್ರೈಮರಿಯ ಕಾಗದದ ಮಡಿಕೆಗಳ ನಡುವೆ ನಮ್ಮ ಪಣೆಯ ಕೆಂಪು ಮಣ್ಣು ಗುರುತು ಹಿಡಿಯುವಂತೆ ಕೂತಿತ್ತು, ಅಡಿಯಲ್ಲಿ ಕಪ್ಪು ಲೋಳೆಯ ಒಂದು ಪಟ್ಟಿ. ಅವರು ಮುಖ್ಯವಾಗಿ ಹುಡುಕಿದ್ದು ಮಿನುಗುವ ಲೋಹದ ಪುಡಿಯನ್ನು. ಹೈ ಪ್ರೆಶರ್ ಪಂಪು ಒಳಗಿನಿಂದ ಸವೆಯಲು ತೊಡಗಿದರೆ ಆ ಪುಡಿ ರಿಟರ್ನ್ ಪೈಪಿನ ಮೂಲಕ ಟ್ಯಾಂಕಿಗೆ ಮರಳಿ ಪ್ರೈಮರಿ ಫಿಲ್ಟರಿನಲ್ಲಿ ಸಿಕ್ಕಿಬೀಳುತ್ತದೆ. ಬ್ಯಾಟರಿ ಬೆಳಕಿನಲ್ಲಿ ಮಡಿಕೆಗಳನ್ನು ಬಿಡಿಸಿ ನೋಡಿದರೆ ಪಂಪಿನ ಆಯುಷ್ಯ ಅಂದಾಜಾಗುತ್ತದೆ. ನಮ್ಮದರಲ್ಲಿ ಅಂಥದ್ದು ಇರಲಿಲ್ಲ. ಮಂಗಳೂರಿನ ದೊಡ್ಡ ಸರ್ವಿಸ್ ಸೆಂಟರುಗಳಲ್ಲಿ ಹಳೆಯ ಫಿಲ್ಟರನ್ನು ಕಣ್ಣಿಗೆ ತೋರಿಸುವುದೂ ಅಪರೂಪ ಎನ್ನುವುದು ನನ್ನ ಅನುಭವ. ಹಾಗೆಂದು ವಾರಂಟಿ ಇನ್ನೂ ಇರುವ ಲಾರಿಯನ್ನು ಇಲ್ಲಿಗೆ ಒಯ್ಯಬೇಡಿ. ಆ ಅವಧಿಯಲ್ಲಿ ಕಂಪನಿಯ ಕೇಂದ್ರದಲ್ಲಿಯೇ ಮಾಡಿಸಿ ದಾಖಲೆ ಇಟ್ಟುಕೊಳ್ಳುವುದು ಕ್ಷೇಮ.

ಬೆಲೆಯ ವಿಷಯ. ಫಿಲ್ಟರುಗಳನ್ನು ಡಬ್ಬದ ಮೇಲಿನ ಬೆಲೆಗಿಂತ ತುಸು ಕಡಿಮೆಗೆ ಕೊಟ್ಟರು, ಎರಡಕ್ಕೂ ಸೇರಿ ಕೂಲಿ 500 ರೂಪಾಯಿ, ವಾಷರುಗಳಿಗೆ ಬೇರೆ. ರಸ್ತೆ ಬದಿಯ ಕೂಲಿಗಿಂತ ಹೆಚ್ಚು, ಕಂಪನಿಯ ಕೂಲಿಗಿಂತ ಸಾಕಷ್ಟು ಕಡಿಮೆ. ಹಿಡಿದ ಹೊತ್ತನ್ನೂ ಮೈಕೆಲಸವನ್ನೂ ನೋಡಿದರೆ ನ್ಯಾಯವಾದದ್ದೇ. ನಾವೇ ತಂದ ಫಿಲ್ಟರನ್ನೂ ಹಾಕಿಕೊಡುತ್ತಾರೆ, ಆದರೆ ಅದರ ಹೊಣೆ ಹೊರುವುದಿಲ್ಲ. ಈ ನಿಲುವು ಸರಿಯಾದದ್ದು. ನಕಲಿ ಫಿಲ್ಟರುಗಳ ಡಬ್ಬ, ಬಣ್ಣ, ಅಕ್ಷರ ಎಲ್ಲವೂ ಅಸಲಿಯಂತೆಯೇ ಇರುತ್ತವೆ. ಒಳಗಿನ ಕಾಗದ ಮಾತ್ರ ಕಡಿಮೆ ಮಡಿಕೆಯದು, ಅಂಟು ದುರ್ಬಲ, ಹಾಗಾಗಿ ಕಾಗದದ ಬದಿಯಿಂದಲೇ ಸೋಸದ ಡೀಸೆಲ್ ದಾಟಿಹೋಗುತ್ತದೆ. ಕಪಾಟಿನ ಫಿಲ್ಟರುಗಳೆಲ್ಲ ಮುಚ್ಚಿದ ಡಬ್ಬದಲ್ಲಿದ್ದವು, ಪ್ಲಾಸ್ಟಿಕ್ ಹೊದಿಕೆಯನ್ನು ನಮ್ಮೆದುರೇ ಹರಿದರು, ಕೂರಿಸಿದ ಮೇಲೆ ತಾರೀಕನ್ನೂ ಕಿಲೋಮೀಟರನ್ನೂ ಮಾರ್ಕರಿನಿಂದ ಫಿಲ್ಟರಿನ ಮೈಮೇಲೆ ಬರೆದರು.

ಇನ್ನು ಅಸಮಾಧಾನಗಳು. ಬಿಲ್ಲು ಕೇಳುವವರೆಗೆ ಕೊಡುವುದಿಲ್ಲ. ಕೇಳಿದಾಗ ಕೊಟ್ಟದ್ದು ಕೈಬರಹದ ಚೀಟಿ, ಅದರಲ್ಲಿ ಫಿಲ್ಟರಿನ ನಂಬರ್ ಇಲ್ಲ. ಮುಂದೆ ಲಾರಿ ಮಾರುವಾಗಲೋ ಭಾಗದ ದೋಷಕ್ಕೆ ಪರಿಹಾರ ಕೇಳುವಾಗಲೋ ಈ ಚೀಟಿಯಿಂದ ಪ್ರಯೋಜನವಿಲ್ಲ. ಇಷ್ಟು ಶಿಸ್ತಿನ ಕೈಗಳಿಗೆ ಬರೆಯುವುದರಲ್ಲಿ ಈ ಉದಾಸೀನ ಯಾಕೆಂದು ತಿಳಿಯದು.

ಅದಕ್ಕಿಂತ ದೊಡ್ಡದು ಹಿತ್ತಲಿನ ಸ್ಥಿತಿ. ಹರಿದುಬಂದ ಡೀಸೆಲ್ಲನ್ನು ಟ್ರೇಯಲ್ಲಿ ಹಿಡಿದು ಡ್ರಮ್ಮಿಗೆ ಸುರಿಯುತ್ತಾರೆ, ಅದು ಸರಿ. ಆದರೆ ಕೊಯ್ದ ಫಿಲ್ಟರುಗಳ ರಾಶಿ ಹಿಂದಿನ ತೆರೆದ ಜಾಗದಲ್ಲಿ, ಮಾಡಿಲ್ಲದೆ, ಬರಿನೆಲದ ಮೇಲೆ ಬಿದ್ದಿದೆ. ಮಳೆ ಸುರಿದರೆ ಅದರಲ್ಲಿ ಉಳಿದ ಡೀಸೆಲ್ ಎಲ್ಲಿಗೆ ಹೋಗಬೇಕು? ನಮ್ಮದು ಮುರಕಲ್ಲಿನ ನೆಲ, ಮೇಲೆ ಬಿದ್ದದ್ದನ್ನೆಲ್ಲ ಒಳಗೆ ಇಳಿಸಿಕೊಳ್ಳುವ ನೆಲ. ಆ ಗುಣದಿಂದಲೇ ನಮ್ಮ ಬಾವಿಗಳಿಗೂ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಗೂ ನೀರು ಬರುತ್ತದೆ. ಗ್ಯಾರೇಜಿನಿಂದ ಕೂಗಳತೆಯೊಳಗೆ ಮನೆಗಳಿವೆ, ಮನೆಗೊಂದು ಬಾವಿ ಇದೆ. ಕೊಯ್ದ ಫಿಲ್ಟರುಗಳನ್ನು ಒಂದು ದಿನ ಬೋರಲು ಹಾಕಿ ಡೀಸೆಲ್ ಬಸಿದು, ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟು ಗುಜರಿಯವರಿಗೆ ಕೊಟ್ಟರೆ ಮುಗಿಯುವ ಕೆಲಸವಿದು. ಹೇಳಿದಾಗ ಯಜಮಾನರು ಒಪ್ಪಿ ತಲೆಯಾಡಿಸಿದರು. ಆಮೇಲೊಮ್ಮೆ ಆ ದಾರಿಯಲ್ಲಿ ಹೋಗುವಾಗ ನೋಡಿದರೆ ರಾಶಿಯ ಮೇಲೆ ಒಂದು ಟಾರ್ಪಾಲು ಬಂದಿತ್ತು, ಡ್ರಮ್ಮು ಬಂದಿರಲಿಲ್ಲ.

ಇಂಜೆಕ್ಟರ್ ಮತ್ತು ಪಂಪಿನ ದುರಸ್ತಿಯನ್ನೂ ಮಾಡುತ್ತೇವೆ ಎಂದು ಅವರು ಹೇಳುತ್ತಾರೆ. ಹಳೆಯ ಪಂಪುಗಳನ್ನು ಪರೀಕ್ಷಿಸುವ ಬೆಂಚು ಅಲ್ಲಿದೆ. ಕಾಮನ್ ರೈಲ್ ಇಂಜೆಕ್ಟರುಗಳ ಪರೀಕ್ಷೆಗೆ ಬೇಕಾದ ಯಂತ್ರವೂ ಧೂಳಿಲ್ಲದ ಮುಚ್ಚಿದ ಕೋಣೆಯೂ ನನಗೆ ಕಾಣಲಿಲ್ಲ. ಹೆದ್ದಾರಿಯ ಧೂಳು ನೇರವಾಗಿ ಒಳಬರುವ ಆ ಮಾಡಿನಡಿಯಲ್ಲಿ ಇಂಜೆಕ್ಟರ್ ಬಿಚ್ಚಿಸಲು ನಾನು ಒಪ್ಪುವುದಿಲ್ಲ. ಫಿಲ್ಟರ್, ಹೋಸು, ಫೀಡ್ ಪಂಪು, ಸೆನ್ಸರುಗಳವರೆಗಿನ ಕೆಲಸಕ್ಕೆ ಕಣ್ಣು ಮುಚ್ಚಿ ಒಪ್ಪಿಸಬಹುದು.

ಹೋಗುವವರಿಗೆ ಕೆಲವು ವಿವರಗಳು. ಆರು ಪಥದ ಹೆದ್ದಾರಿಯಾದ ಮೇಲೆ ಮುಖ್ಯ ರಸ್ತೆಯಿಂದ ಗ್ಯಾರೇಜಿಗೆ ನೇರವಾಗಿ ತಿರುಗಲಾಗುವುದಿಲ್ಲ, ಮೊದಲೇ ಸರ್ವಿಸ್ ರಸ್ತೆಗೆ ಇಳಿದಿರಬೇಕು; ತಪ್ಪಿದರೆ ಮುಂದಿನ ಅಂಡರ್‌ಪಾಸಿನವರೆಗೆ ಹೋಗಿ ಸುತ್ತಿ ಬರಬೇಕಾಗುತ್ತದೆ. ಲೋಡಿನ ಗಾಡಿಗಳನ್ನು ಒಳಗೆ ತೆಗೆದುಕೊಳ್ಳುವುದಿಲ್ಲ, ನೆಲ ಇಳಿಜಾರಾಗಿರುವುದೇ ಅದಕ್ಕೆ ಕಾರಣ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತಿಗೆ ಬಾಗಿಲು ಹಾಕಿ ಮತ್ತೆ ತೆರೆಯುತ್ತಾರೆ. ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲವೂ ನಡೆಯುತ್ತದೆ, ಹುಡುಗರಲ್ಲಿ ಇಬ್ಬರಿಗೆ ಹಿಂದಿ ಮಾತ್ರ ಗೊತ್ತು. ಆರು ಚಕ್ರದ ಸಾಮಾನ್ಯ ಮಾದರಿಗಳ ಫಿಲ್ಟರುಗಳು ಕೈಯಲ್ಲೇ ಇರುತ್ತವೆ. ಹತ್ತು ಚಕ್ರದ ಮೇಲಿನ ಲಾರಿಯವರು ಹಿಂದಿನ ದಿನವೇ ತಿಳಿಸಿದರೆ ಮಂಗಳೂರಿನಿಂದ ತರಿಸಿಡುತ್ತಾರೆ. ಹಾಗೆ ತಿಳಿಸುವಾಗ ಲಾರಿಯ ಮಾದರಿಯನ್ನು ಹೇಳಿದರೆ ಸಾಲದು, ಈಗ ಗಾಡಿಯಲ್ಲಿರುವ ಫಿಲ್ಟರಿನ ಮೈಮೇಲಿನ ನಂಬರನ್ನೇ ಓದಿ ಹೇಳಬೇಕು, ಯಾಕೆಂದರೆ ಒಂದೇ ಹೆಸರಿನ ಲಾರಿಗೆ ಬಿಎಸ್-4ರಲ್ಲಿ ಒಂದು ಫಿಲ್ಟರು, ಬಿಎಸ್-6ರಲ್ಲಿ ಇನ್ನೊಂದು ಇರುವುದುಂಟು, ಮತ್ತು ಡಬ್ಬ ಒಡೆದ ಮೇಲೆ ಅವರು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.